ತಾಂಡೂರಿನಿಂದ ಬಂದ ಜೊತೆಗಾತಿ

ಪೀರಮ್ಮನನ್ನು ಹೇಗಾದರೂ ಮಾಡಿ ಹೆರಿಗೆ ಕೋಣೆಯ ಹೊರಗೇ ಕೂರಿಸಬೇಕೆಂದು ಸುಭದ್ರಮ್ಮ ಆಟೋದಲ್ಲೇ ನಿಶ್ಚಯಿಸಿದ್ದಳು. ನಾರಾಯಣಖೇಡದ ಆಸ್ಪತ್ರೆ ಬಂದರೂ ಆ ಹೆಂಗಸು ಮಗ್ಗುಲು ಬಿಡಲಿಲ್ಲ. ಒಂದು ಕಡೆ ಸೊಸೆ ಲಾವಣ್ಯ ನೋವಿಗೆ ತುಟಿ ಕಚ್ಚುತ್ತಿದ್ದರೆ, ಇನ್ನೊಂದು ಕಡೆ ಈಕೆ ಸುಭದ್ರಮ್ಮನಿಗೆ ಅಂಟಿಕೊಂಡೇ ಕೂತಿದ್ದಳು.

ಚೊಚ್ಚಲ ಹೆರಿಗೆ ತವರಿನಲ್ಲಾಗಬೇಕು. ಆದರೆ ಲಾವಣ್ಯಳ ಅವ್ವ ತಾಂಡೂರಿನಲ್ಲಿ ಕಾಲು ಮುರಿದುಕೊಂಡು ಮಲಗಿದ್ದಳು. ಅದಕ್ಕೇ ಸೊಸೆ ಗಂಡನ ಊರು ಕಲ್ಹೇರಿನಲ್ಲೇ ಉಳಿದು, ತವರೂರಿನಿಂದ ಈ ಪೀರಮ್ಮನನ್ನು ಕರೆಸಿಕೊಂಡಿದ್ದಳು. ಸೂಲಗಿತ್ತಿಯಲ್ಲ, ನರ್ಸೂ ಅಲ್ಲ. ಹೆರಿಗೆಯ ಹೊತ್ತಿಗೆ ಜೊತೆಗಿದ್ದು ಧೈರ್ಯ ತುಂಬುವವಳಂತೆ. ಪಟ್ಟಣದವರು ಡೌಲಾ ಅನ್ನುತ್ತಾರಂತೆ. ಧೈರ್ಯ ತುಂಬಲು ಅತ್ತೆಯೇನು ಸತ್ತಿದ್ದಳೇ? ತನ್ನ ಮೊದಲ ಮೊಮ್ಮಗುವನ್ನು ತಾಂಡೂರಿನ ಕೈ ಎತ್ತಿಕೊಳ್ಳುವುದನ್ನು ನೆನೆದರೇ ಸುಭದ್ರಮ್ಮನಿಗೆ ಮೈ ಉರಿಯುತ್ತಿತ್ತು.

ಅವಳಿಗೇನು ಹೆರಿಗೆ ಹೊಸದೇ? ಕುರಿಮಂದೆಯ ಹಿಂದೆ ಹೋಗುತ್ತ, ಬೇವಿನ ಮರದಡಿ ಒಬ್ಬಳೇ ಮಗ ಮೈಲಾರಿಯನ್ನು ಹೆತ್ತವಳು. ಆ ಕಥೆಯನ್ನು ಊರಿಗೆಲ್ಲ ಹೇಳಿದ್ದಳು, ಅರ್ಧದವರೆಗೆ. ಅಷ್ಟರಲ್ಲಿ ಏನಾದರೊಂದು ಕೆಲಸ ನೆನಪಾಗಿ ಎದ್ದುಬಿಡುತ್ತಿದ್ದಳು. ಕುರಿ ಈಯುವಾಗಲೂ ಅಷ್ಟೇ, ಸರಿಯಾಗಿ ಆಗಲೇ ಅವಳು ಸೌದೆ ತರಲು ಹೋಗಬೇಕಾಗುತ್ತಿತ್ತು. ಗಂಡ ಬೀರಣ್ಣ ಮೀಸೆಯಲ್ಲೇ ನಗುತ್ತಿದ್ದ.

"ಹಡಿಯಾಕಿ ಜೊತಿ ಒಳಗ ಇಬ್ರೇ ಇರಬೇಕ್ರಿ" ಎಂದಳು ನರ್ಸ್ ಸೌಮ್ಯಾ.

"ನಾ ಒಬ್ಬಾಕಿನೇ ಸಾಕು" ಎಂದಳು ಸುಭದ್ರಮ್ಮ. ಬಾಗಿಲ ಹತ್ತಿರ ಬಂದೊಡನೆ ಆಟೋದಲ್ಲಿ ಬಟ್ಟೆಯ ಚೀಲ ಬಿಟ್ಟದ್ದು ನೆನಪಾಗಿ ಹಿಂದೆ ತಿರುಗಿದಳು.

"ಚೀಲ ನನ್ನ ಕೈಯಾಗ ಅದರಿ ಅಕ್ಕಾ" ಎಂದು ಪೀರಮ್ಮ ಅವಳ ಮೊಣಕೈ ಹಿಡಿದು ಒಳಗೆ ನಡೆಸಿದಳು.

ಒಳಗೆ ಹೋದ ಮೇಲೆ ಪೀರಮ್ಮನ ಸೋಮಾರಿತನ ಬಯಲಾಯಿತು. ಸೊಸಿ ಸೊಂಟ ನೀವೇ ತಿಕ್ಕರಿ ಎಂದಳು. ನೀರು ನೀವೇ ಕುಡಿಸ್ರಿ ಎಂದಳು. ತಾನು ಮಾತ್ರ ಸುಭದ್ರಮ್ಮನ ಬೆನ್ನ ಮೇಲೆ ಅಂಗೈ ಇಟ್ಟು ಆರಾಮಾಗಿ ನಿಂತಿದ್ದಳು.

"ಉಸಿರು ದೊಡ್ಡದು ತಗೋರಿ. ಮೆಲ್ಲಕ ಬಿಡ್ರಿ" ಎಂದಳು. ಸೊಸೆಗೆ ತೋರಿಸಿಕೊಡಬೇಕಲ್ಲ ಎಂದು ಸುಭದ್ರಮ್ಮ ತಾನೇ ಉಸಿರೆಳೆದು ಬಿಟ್ಟಳು. ಪುಣ್ಯಕ್ಕೆ ಅವಳ ಎದೆಬಡಿತವೂ ಕೊಂಚ ಇಳಿಯಿತು. ಆಮೇಲೆ ಪೀರಮ್ಮ ಫ್ಲಾಸ್ಕಿನಿಂದ ಚಹಾ ಬಗ್ಗಿಸಿ ಕೊಟ್ಟದ್ದೂ ಅವಳಿಗೇ.

"ಹಡಿಯಾಕಿ ಆಕಿ ಅದಾಳ. ನನಗ್ಯಾಕ ಚಾ?"

"ಕುಡೀರಿ ಅಕ್ಕಾ."

ಲಾವಣ್ಯ ಗಟ್ಟಿಯಾಗಿ ಕೂಗಿದಳು. ಹೊರಗಿದ್ದ ಮೈಲಾರಿಗೆ ತಕ್ಷಣ ಸುದ್ದಿ ಹೇಳಬೇಕೆಂದು ಸುಭದ್ರಮ್ಮ ಬಾಗಿಲ ಕಡೆ ತಿರುಗಿದಳು.

"ಅವರಿಗೆ ನರ್ಸ್ ಹೇಳಿ ಬಂದಾರ್ರಿ" ಎಂದಳು ಪೀರಮ್ಮ. " ನೀವು ಸೊಸಿ ಕೈ ಬಿಡಬ್ಯಾಡ್ರಿ. ನಾ ಇಲ್ಲೇ ಅದೀನಿ."

ಸುಭದ್ರಮ್ಮ ಕೈ ಬಿಡಲಿಲ್ಲ. ಹೆಣ್ಣು ಮಗು ಹುಟ್ಟಿತು. ಸೌಮ್ಯಾ ಅದನ್ನು ಒರೆಸಿ, ಬಟ್ಟೆ ಸುತ್ತಿ ಅವಳ ಕೈಗೇ ಕೊಟ್ಟಳು. ಸುಭದ್ರಮ್ಮ ಅತ್ತಳು, ನಕ್ಕಳು, ಮತ್ತೆ ಅತ್ತಳು. ಜನ್ಮದಲ್ಲಿ ಇಷ್ಟು ಸಂತೋಷ ಅವಳಿಗೆ ಆಗಿರಲಿಲ್ಲ.

ಪೀರಮ್ಮ ಹೊರಗೆ ಹೋದದ್ದೇ ತಡ, ಸುಭದ್ರಮ್ಮ ಸೊಸೆಯ ಕಿವಿಯ ಹತ್ತಿರ ಬಗ್ಗಿದಳು.

"ಎಂಥಾಕಿನ್ನ ಕರ್ಸೀದಿ ನೀ? ನಿನಗ ಒಂದ್ ಬೆರಳ ಸುದ್ದಾ ಹಚ್ಚಲಿಲ್ಲ. ಮುಂಜಾನಿಂದ ನನ್ನ ಬೆನ್ನೇ ಹತ್ಯಾಳ."

ಲಾವಣ್ಯ ದಣಿದ ಮುಖದಲ್ಲೇ ನಕ್ಕು ಅತ್ತೆಯ ಕೈಯನ್ನು ಹಿಡಿದುಕೊಂಡಳು.

"ನನ್ನ ಬಾಜು ನೀವೇ ಇರಬೇಕಂತ ಆಸೆ ಇತ್ರಿ ಅತ್ತಿ. ನಿಮ್ಮ ಬಾಜು ಯಾರಾರ ಇರಬೇಕಲ್ರಿ, ಅದಕ್ಕ ಆಕಿನ್ನ ಕರ್ಸೀನಿ."