ಬೀಗರ ಹೋಳಿಗೆ

ಪ್ರಯಾಣಿಕನನ್ನೂ ಚೀಲವನ್ನೂ ಒಟ್ಟಿಗೆ ತೂಗಿ ವಿಮಾನ ಹತ್ತಿಸುವ ಕಾಲ ಬಂದ ಮೇಲೆ, ನಿಲ್ದಾಣದ ಹೋಟೆಲಿನ ಕುರ್ಚಿಗಳೇ ತೂಕ ಹೇಳುತ್ತವೆ. ದೋಸೆ ಮುಗಿಸಿ, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕಾಫಿ ಹೀರುತ್ತಿದ್ದೆ. ಕುರ್ಚಿ ಕೂಗಿತು:

"ಅರ್ಧ ಕೆಜಿ ಜಾಸ್ತಿ ಸಾರ್. ಏನಾದ್ರೂ ಬಿಟ್ಟೋಗಿ."

ಚೀಲದಲ್ಲಿ ಬಿಡಬಹುದಾದದ್ದೆಂದರೆ ಬೀಗರಿಗೆಂದು ಹೆಂಡತಿ ಕಟ್ಟಿಕೊಟ್ಟ ಹೋಳಿಗೆ. ತಿನ್ನುವುದನ್ನು ಬಿಸಾಡುವ ವಂಶ ನಮ್ಮದಲ್ಲ. ಅಷ್ಟನ್ನೂ ಅಲ್ಲೇ ಕೂತು ತಿಂದು ಮುಗಿಸಿದೆ. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡು ಕೇಳಿದೆ:

"ಈಗ?"

"ಅರ್ಧ ಕೆಜಿ ಜಾಸ್ತಿ ಸಾರ್."

ಪಕ್ಕದ ಮೇಜಿನ ಹೆಂಗಸು ನಗು ತಡೆದುಕೊಂಡು, "ಏನ್ ಕೆಲ್ಸದಲ್ಲಿದ್ದೀರಿ?" ಎಂದರು.

"ಮೇಷ್ಟ್ರು."

"ಯಾವ ಸಬ್ಜೆಕ್ಟು?"

ನಾನು ಕಲಿಸುವುದು ಭೌತಶಾಸ್ತ್ರ. ಶೂ ಬಿಚ್ಚಿಡುತ್ತಾ, "ಇತಿಹಾಸ" ಎಂದೆ.