ತಿಪ್ಪೆಗೆ ಬಿದ್ದ ಚೀಲ

ಪದ್ಮವ್ವ ಹಾಕಿದ ರೊಟ್ಟಿಯ ಚೂರಿಗೆ ನಾಯಿ ಇನ್ನೇನು ಬಾಯಿ ಹಾಕಬೇಕು, ಅಷ್ಟರಲ್ಲಿ ವಿಕ್ರಾಂತ ಹಗ್ಗ ಜಗ್ಗಿದ.

“ಬ್ಯಾಡ್ರಿ ಕಾಕೂ. ಹೊರಗಿಂದು ತಿಂದ್ರ ಇದರ ಹೊಟ್ಟಿ ಕೆಡತೈತಿ.”

ಬಾಗಿಲಿಗೆ ಬಂದ ನಾಯಿಯನ್ನು ಬರಿಹೊಟ್ಟೆಯಲ್ಲಿ ಕಳಿಸಿ ಪದ್ಮವ್ವನಿಗೆ ರೂಢಿಯಿಲ್ಲ. ಆದರೂ ಆಕೆ ಬೇಸರಪಡಲಿಲ್ಲ. ಬೆಳಗಾವಿಯಿಂದ ಸತ್ತಿ ಊರಿಗೆ ಹೊಳೆ ನೋಡಲು ಬಂದ ಈತ ಜವಾಬ್ದಾರಿಯುಳ್ಳವನಂತೆ ಕಂಡಿದ್ದ. ನಾಯಿಯನ್ನು ಕೋಳಿಗಳ ಹತ್ತಿರ ಬಿಟ್ಟಿರಲಿಲ್ಲ. ಅದಕ್ಕೆ ಬಟ್ಟಲು, ನೀರು ಎಲ್ಲ ತಾನೇ ತಂದಿದ್ದ. ಅದು ಅಂಗಳದಂಚಿಗೆ ಹೊಲಸು ಮಾಡಿದಾಗ ಕೈಗೆ ಪ್ಲಾಸ್ಟಿಕ್ ಚೀಲ ಹಾಕಿಕೊಂಡು ಅದನ್ನೂ ಬಳಿದು ತೆಗೆದಿದ್ದ. ಊರ ದೊಡ್ಡವರೇ ಕಂಡಲ್ಲಿ ಉಗುಳುವಾಗ ಈ ಶಿಸ್ತು ಕಂಡು ಪದ್ಮವ್ವ ಮೂಗಿನ ಮೇಲೆ ಬೆರಳಿಟ್ಟಿದ್ದಳು.

ಈಗ ಅವನು ರೊಟ್ಟಿಯ ಚೂರನ್ನೂ ಅದೇ ಚೀಲಕ್ಕೆ ತುರುಕಿದ. ಬಿಗಿಯಾಗಿ ಗಂಟು ಹಾಕಿ, ಅತ್ತಿತ್ತ ನೋಡಿ, ಆಕೆಯ ತಿಪ್ಪೆಗೆ ಎಸೆದ.

ತಿಪ್ಪೆಯ ಮಗ್ಗುಲಿಗೇ ಎಮ್ಮೆ ನಿಂತಿತ್ತು. ಏಳು ತಿಂಗಳ ಗಬ್ಬ. ರೊಟ್ಟಿಯ ವಾಸನೆಗೆ ಅದು ಕತ್ತು ಚಾಚಿ ಬಾಯಿ ಹಾಕಿಯೇ ಬಿಟ್ಟಿತು. ಪದ್ಮವ್ವ ಬಿದ್ದು ಎದ್ದು ಓಡಿ, ಅದರ ಬಾಯೊಳಗೆ ಕೈ ಹಾಕಿ ಎಳೆದಳು. ಚೀಲ ಬಂತು. ಗಂಟಿನ ಮೇಲಿದ್ದ ಎರಡು ಹಿಡಿಕೆಗಳಲ್ಲಿ ಒಂದು ಹರಿದು ಒಳಗೇ ಹೋಗಿತ್ತು.

“ಸಣ್ಣ ತುಂಡ ಬಿಡ್ರಿ ಕಾಕೂ, ಏನೂ ಆಗೂದಿಲ್ಲ,” ಎಂದ ವಿಕ್ರಾಂತ. “ಬಾಕಿ ಮಂದಿ ಹಂಗ ಬಿಟ್ಟ ಹೋಗ್ತಾರ. ನಾ ಸ್ವಚ್ಛ ಮಾಡಿ ಕಸದಾಗ ಒಗದೇನಿ.”

ಪದ್ಮವ್ವನಿಗೆ ಅಂಗಾಲಿನ ಸಿಟ್ಟು ನೆತ್ತಿಗೇರಿತು.

“ಇದು ಕಸಾ ಅಲ್ರಿ, ಗೊಬ್ಬರ. ಹೊಲಕ್ಕ ಹೋಗೂದು. ಹ್ವಾದ ವರ್ಷ ಇದರ ತಾಯಿ ಹೊಟ್ಟಿ ಉಬ್ಬಿ ಸತ್ತಾಗ ಡಾಕ್ಟರ್ ಕೊಯ್ದ ನೋಡಿದ್ರು. ಬುಟ್ಟಿ ತುಂಬ ಪ್ಲಾಸ್ಟಿಕ್ ತಗದ್ರು. ಎಲ್ಲಾ ಸಣ್ಣ ತುಂಡ ಇದ್ದೂರಿ.”

ಆಕೆ ಗಂಟು ಬಿಚ್ಚಿ ಒಳಗಿದ್ದುದನ್ನೆಲ್ಲ ತಿಪ್ಪೆಗೆ ಕೊಡವಿದಳು. ಜೊಲ್ಲು ಸುರಿಯುವ ಖಾಲಿ ಚೀಲವನ್ನು ಅವನ ಮುಂದೆ ಹಿಡಿದಳು.

“ನಿಮ್ಮ ನಾಯಿದು ಮಣ್ಣಾಗ ಕೂಡತೈತಿ. ಇದು ಕೂಡೂದಿಲ್ಲ. ತಗೊಂಡ ಹೋಗ್ರಿ.”

“ಗಾಡ್ಯಾಗ ಎಲ್ಲಿ ಇಡ್ಲಿರಿ ಇದನ್ನ?”

“ನಾಯಿಗೊಂದ ಸೀಟ ಐತೆಲ್ಲರಿ. ಅದರ ಬಾಜೂಕ ಇಡ್ರಿ.”

ಅವನು ಚೀಲವನ್ನು ಎರಡೇ ಬೆರಳಲ್ಲಿ ಹಿಡಿದು ಕಾರಿನತ್ತ ನಡೆದ. ರೊಟ್ಟಿಯ ವಾಸನೆ ಹಿಡಿದು ನಾಯಿಯೂ ಚೀಲಕ್ಕೆ ಮೂತಿ ಚಾಚಿತು. ಅವನು ಗಾಬರಿಯಾಗಿ ಕೈ ಮೇಲೆತ್ತಿದ.

“ಬ್ಯಾಡ, ಬ್ಯಾಡ. ಹೊಟ್ಟ್ಯಾಗ ಹೋದೀತು.”

ಪದ್ಮವ್ವ ಎಮ್ಮೆಯ ಹೊಟ್ಟೆಯ ಮೇಲೆ ಕೈಯಿಟ್ಟು ನೋಡುತ್ತಿದ್ದಳು. ಎಮ್ಮೆ ಮೆಲುಕು ಹಾಕುತ್ತಿತ್ತು.