ಹಾಡು ಹುಟ್ಟಿದ ಇಸವಿ

“ನಿಮ್ಮ ಹಾಡು ಹುಟ್ಟಿದ್ದು ನಲವತ್ತನೇ ಇಸವಿಯಲ್ಲಿ ಅಂತಾದರೆ ಕಳ್ಳ ಅವರಲ್ಲ ಮಾಸ್ಟ್ರೇ, ನೀವು,” ಎಂದು ವಕೀಲ ಕೃಷ್ಣಕುಮಾರರು ಮದರಾಸಿನಿಂದ ಬಂದ ಉತ್ತರವನ್ನು ಮೇಜಿನ ಮೇಲಿಟ್ಟು ಕನ್ನಡಕ ತೆಗೆದರು.

ಮಹಾಬಲ ಮಾಸ್ತರರು ಹೆಂಡತಿಯ ಮುಖ ನೋಡಿದರು. ಪಂಕಜಾಕ್ಷಿ ಕಿಟಕಿಯ ಆಚೆ ಕಾಸರಗೋಡಿನ ಕೋರ್ಟಿನ ಅಂಗಳ ನೋಡುತ್ತಿದ್ದಳು. ಅವಳನ್ನು ಹೊಸಂಗಡಿಯಿಂದ ಬಸ್ಸಿನಲ್ಲಿ ಕರೆತಂದದ್ದು ಸಾಕ್ಷಿಗೆಂದು. ಯಾಕೆಂದರೆ ಹಾಡು ಅವಳ ಹೆಸರಿನದ್ದು. ಹತ್ತು ವರ್ಷಗಳ ಹಿಂದೆ ಮಾಸ್ತರರು ಮಂಗಳೂರಿಗೆ ಹೋಗಿ ತಾವೇ ಕಟ್ಟಿದ ಪ್ರೇಮಗೀತೆಯೊಂದನ್ನು ಗ್ರಾಮಫೋನು ಪ್ಲೇಟಿಗೆ ಹಾಡಿ ಬಂದಿದ್ದರು. ‘ಮಲ್ಲಿಗೆ ಮುಡಿದು ನಿಲ್ಲು, ಪಂಕಜಾಕ್ಷಿ’ ಎಂದು ಅದರ ಪಲ್ಲವಿ. ಅಂದಿನಿಂದ ಮದುವೆಮನೆಯಿರಲಿ, ಶಾಲೆಯ ವಾರ್ಷಿಕೋತ್ಸವವಿರಲಿ, ಯಾರಾದರೂ ಕೇಳುವ ಮೊದಲೇ ಅವರು ಗಂಟಲು ಸರಿಮಾಡಿಕೊಳ್ಳುತ್ತಿದ್ದರು. ಹಾಡಿಗಿಂತ ಹಾಡಿನ ಕಥೆ ಉದ್ದ. “ನಲವತ್ತನೇ ಇಸವಿ, ಎಪ್ರಿಲ್ ತಿಂಗಳು. ಇವಳನ್ನು ನೋಡಿ ಒಪ್ಪಿ ನಡೆದುಕೊಂಡು ಹಿಂದೆ ಬರ್ತಾ ಇದ್ದೇನೆ. ಮನೆ ಮುಟ್ಟುವಾಗ ಹಾಡು ತಯಾರು!” ಆಗ ಪಂಕಜಾಕ್ಷಿ ತಲೆ ತಗ್ಗಿಸುತ್ತಿದ್ದಳು. ಜನ ಅದನ್ನು ನಾಚಿಕೆ ಎಂದುಕೊಳ್ಳುತ್ತಿದ್ದರು.

ಹೀಗಿರುವಾಗ ಕಳೆದ ತಿಂಗಳು ಹೊಸಂಗಡಿಯ ಚಾದ ಹೋಟೆಲಿನಲ್ಲಿ ಮದರಾಸಿನ ಹೊಸ ಪ್ಲೇಟೊಂದು ತಿರುಗತೊಡಗಿತು. ಅದೇ ಧಾಟಿ, ಅದೇ ಮಲ್ಲಿಗೆ. ಜೊತೆಗೆ ನಾಲ್ಕು ಪಿಟೀಲು. ಪಂಕಜಾಕ್ಷಿ ಇದ್ದ ಜಾಗದಲ್ಲಿ ಮಾತ್ರ ಪುಷ್ಪಾವತಿ ಎಂಬ ಯಾರೋ ಬಂದು ನಿಂತಿದ್ದಳು. ಮಾಸ್ತರರು ಅದನ್ನೂ ಸಹಿಸುತ್ತಿದ್ದರೇನೋ. ಆದರೆ ಮೀನು ವ್ಯಾಪಾರದ ಹುಸೈನ್ ಚಾ ಕುಡಿಯುತ್ತ, “ಬೇಜಾರು ಮಾಡಬೇಡಿ ಮಾಸ್ಟ್ರೇ, ನಿಮ್ಮದಕ್ಕಿಂತ ಇದೇ ಲಾಯ್ಕ ಉಂಟು,” ಎಂದುಬಿಟ್ಟ. ಮರುದಿನವೇ ಮದರಾಸಿನ ಪ್ಲೇಟು ಕಂಪೆನಿಗೆ ವಕೀಲರ ನೋಟೀಸು ಹೋಯಿತು. ದುಡ್ಡು ಬೇಡ, ಪ್ಲೇಟಿನ ಮೇಲೆ ನನ್ನ ಹೆಸರು ಬರಬೇಕು, ಅಷ್ಟೇ. ಅದಕ್ಕೆ ಬಂದ ಉತ್ತರ ಈಗ ಮೇಜಿನ ಮೇಲಿತ್ತು. ಈ ಧಾಟಿಯನ್ನು ತಮ್ಮ ಭಾಗವತರು ಮೂವತ್ತೊಂಬತ್ತರಲ್ಲೇ ನಾಟಕದಲ್ಲಿ ಹಾಡಿದ್ದಾರೆ, ಅದನ್ನು ಕೇಳಿ ಕದ್ದವರು ನಿಮ್ಮ ಮಾಸ್ತರರೇ ಎಂದು ಕಂಪೆನಿಯವರು ಬರೆದಿದ್ದರು.

“ಸುಳ್ಳು! ಹಸಿ ಸುಳ್ಳು!” ಮಾಸ್ತರರು ಎದ್ದು ನಿಂತರು. “ಮೂವತ್ತೊಂಬತ್ತು ಎಂತದು ಮಾರಾಯ್ರೆ? ಮೂವತ್ತೆಂಟರಲ್ಲೇ ಈ ಹಾಡನ್ನು ಪೂರ್ತಿ ಕಾಗದದಲ್ಲಿ ಬರೆದು ಕಳಿಸಿದ್ದೇನೆ ನಾನು!”

“ಭೇಷ್! ಯಾರಿಗೆ?” ವಕೀಲರು ಪೆನ್ನು ಎತ್ತಿಕೊಂಡರು.

ಮಾಸ್ತರರು ಹೆಗಲ ಮೇಲಿನ ಶಾಲು ಸರಿಮಾಡಿಕೊಳ್ಳತೊಡಗಿದರು.

“ಮನೋರಮಳಿಗೆ,” ಎಂದಳು ಪಂಕಜಾಕ್ಷಿ, ಕಿಟಕಿಯಿಂದ ಕಣ್ಣು ತೆಗೆಯದೆ. “ಬರೆದುಕೊಳ್ಳಿ ವಕೀಲರೇ. ಈಗ ಬಂದ್ಯೋಡಿನಲ್ಲಿ ಟೀಚರು.”

“ನಿನಗೆ... ನಿನಗೆ ಹೇಗೆ ಗೊತ್ತು?”

“ಟ್ರೈನಿಂಗ್ ಶಾಲೆಯಲ್ಲಿ ನಾವಿಬ್ಬರೂ ಒಂದೇ ಬೆಂಚು. ನಿಮ್ಮ ಕಾಗದವನ್ನು ಬೆಂಚಿನಲ್ಲಿದ್ದ ಎಲ್ಲರಿಗೂ ದೊಡ್ಡದಾಗಿ ಓದಿ ಹೇಳಿದ್ದು ನಾನೇ. ಮಲ್ಲಿಗೆ ಮುಡಿದು ನಿಲ್ಲು, ಮನೋರಮಾ.” ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ತರಗತಿಯಲ್ಲಿ ಹಾಜರಿ ಕರೆದಂತಿತ್ತು. “ಹೆಸರೊಂದು ಬಿಟ್ಟು ಬಾಕಿ ಎಲ್ಲ ಹಾಗೇ ಉಂಟು. ಅವಳು ಏನನ್ನೂ ಬಿಸಾಡುವವಳಲ್ಲ. ಕೇಳಿದರೆ ಕೊಟ್ಟಾಳು.”

ಹತ್ತು ವರ್ಷ! ಎಷ್ಟು ಚಪ್ಪರಗಳಲ್ಲಿ, ಎಷ್ಟು ಜನರೆದುರು ಕಣ್ಣು ಮುಚ್ಚಿ ಹಾಡಿದ್ದರು ಮಾಸ್ತರರು! ಪಕ್ಕದಲ್ಲಿ ಕುಳಿತವಳಿಗೆ ಮೊದಲ ದಿನದಿಂದಲೇ ಗೊತ್ತಿತ್ತು. ಅವರಿಗೆ ಕಿವಿಯ ತುದಿಯವರೆಗೆ ಬಿಸಿಯೇರಿತು.

ವಕೀಲರಿಗೆ ಮಾತ್ರ ಖುಷಿಯೋ ಖುಷಿ. “ಇದಕ್ಕಿಂತ ಒಳ್ಳೆ ಸಾಕ್ಷಿ ಎಲ್ಲುಂಟು? ಅಂಚೆ ಮುದ್ರೆ ಇದ್ದ ಕಾಗದ! ಆ ಟೀಚರನ್ನು ಒಂದು ಸಲ ಕೋರ್ಟಿಗೆ ಕರೆಸುವ, ಕಾಗದವನ್ನು ಜಡ್ಜರ ಎದುರು ಓದಿಸುವ, ಕೇಸು ನಮ್ಮದೇ.”

ಮಾಸ್ತರರ ಕಣ್ಣಿನ ಮುಂದೆ ತುಂಬಿದ ಕೋರ್ಟು ಬಂದು ನಿಂತಿತು. ಮೊದಲ ಸಾಲಿನಲ್ಲಿ ಹುಸೈನ್, ಅವನ ಹಿಂದೆ ಇಡೀ ಹೊಸಂಗಡಿ. ಅವರು ಮೆಲ್ಲಗೆ ಕುರ್ಚಿಯಲ್ಲಿ ಕುಳಿತರು. ಶಾಲಿನ ತುದಿಯಿಂದ ಹಣೆ ಒರೆಸಿಕೊಂಡರು. ಕೊನೆಗೆ ಎದೆಯ ಮೇಲೆ ಕೈಯಿಟ್ಟು, “ಬೇಡ. ನಲವತ್ತು ಅಂತಲೇ ಇರಲಿ. ಈ ಹಾಡು ನನ್ನ ಹೆಂಡತಿಗಾಗಿ ಹುಟ್ಟಿದ್ದು,” ಎಂದರು.

“ಹಾಗಾದರೆ ಕದ್ದವರು ನೀವೇ ಅಂತ ಒಪ್ಪಿದ ಹಾಗೆ.”

“ಆಗಲಿ.”

ವಕೀಲರು ಪೆನ್ನಿಗೆ ಮುಚ್ಚಳ ಹಾಕಿದರು. ಪಂಕಜಾಕ್ಷಿ ಮೊದಲ ಬಾರಿಗೆ ತಿರುಗಿ ಗಂಡನನ್ನು ನೋಡಿದಳು. ಅವರ ಕೊಡೆಯನ್ನು ತಾನೇ ಎತ್ತಿಕೊಂಡಳು.

ಬಸ್ಸಿಗೆ ಕಾಯುತ್ತ ನಿಂತಾಗ ರಣಬಿಸಿಲಿತ್ತು. ಇಬ್ಬರೂ ಒಂದೇ ಕೊಡೆಯ ಕೆಳಗಿದ್ದರು. ಮಾಸ್ತರರ ಮುಖ ಮಾತ್ರ ನಿಧಾನವಾಗಿ ಅರಳುತ್ತ ಬಂತು. ಸೋತು ಹೊರಟ ಮನುಷ್ಯನ ಬೆನ್ನು ನೆಟ್ಟಗಾಯಿತು. ಊರಿನಲ್ಲಿ ಇದನ್ನು ಮೊದಲು ಯಾರಿಗೆ ಹೇಳಬೇಕು, ಎಲ್ಲಿಂದ ಸುರು ಮಾಡಬೇಕು ಎಂದು ಅವರ ಒಳಗೆ ಆಗಲೇ ಲೆಕ್ಕ ನಡೆದಿತ್ತು.

“ನೋಡಿದೆಯಾ ಪಂಕಜಾ,” ಎಂದು ಅವರು ಗಂಟಲು ಸರಿಮಾಡಿಕೊಂಡರು. “ಕೈಯಲ್ಲಿದ್ದ ಕೇಸು. ನಿನಗೋಸ್ಕರ ಬಿಟ್ಟೆ.”

ಪಂಕಜಾಕ್ಷಿ ಕೊಡೆಯನ್ನು ತನ್ನ ಕಡೆಗೆ ಎಳೆದುಕೊಂಡಳು.

“ಆಯ್ತು. ಇದನ್ನೊಂದು ಹಾಡು ಮಾಡಬೇಡಿ.”